ಊರ ಮಂದಿಗೆ ಏನೋ ಆಗೈತಿ

ಸೂಗಮ್ಮ ಮದುವೆಯಾಗಿ ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದಿದ್ದಳು, ಆದರೆ ಹೈದರಾಬಾದನ್ನು ಇನ್ನೂ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಕಾಚಿಗೂಡ ರೈಲು ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಅವರದು ಹಳೆಯ ಮನೆ. ಕೆಳಗೆ ತಾವು, ಮಹಡಿಯ ಮೇಲಿನ ಖೋಲಿ ಬಾಡಿಗೆಗೆ. ಹೊಸ್ತಿಲ ಒಳಗೆ ಜೋಳದ ರೊಟ್ಟಿ, ಗುರೆಳ್ಳು ಪುಡಿ, ಲಿಂಗಸೂಗೂರು ಕಡೆಯ ಕನ್ನಡ. ಹೊಸ್ತಿಲ ಹೊರಗೆ ತೆಲುಗು, ಹಿಂದಿ, ಹಾರ್ನು. ಬಂದ ಹೊಸದರಲ್ಲಿ ‘ನನಗ ಬರಂಗಿಲ್ಲ’ ಎಂದು ಒಂದು ಸಲ ಅಂದದ್ದೇ ತಪ್ಪಾಯಿತು. ಆ ಮಾತನ್ನು ಗಂಡ, ನೆರೆಯವರು, ಕೊನೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕೂಡ ಖಾಯಂ ಮಾಡಿಬಿಟ್ಟರು. ನಿಜ ಹೇಳಬೇಕೆಂದರೆ ಕಿವಿಗೆ ಬಿದ್ದದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಬಾಯಿ ಬಿಡಲು ನಾಚಿಕೆ, ಅಷ್ಟೆ. ತರಕಾರಿ ಗಾಡಿಯವನ ಮುಂದೆ ಬೆರಳು ತೋರಿಸಿಯೇ ಬದನೆಕಾಯಿ ಆರಿಸಿ, ತಲೆ ಅಲ್ಲಾಡಿಸಿಯೇ ಚೌಕಾಶಿ ಮಾಡಿ, ಗೆದ್ದು ಬರುತ್ತಿದ್ದ ಹೆಂಗಸು ಅವಳು.

ಬಾಯಿಯ ಕೆಲಸವೆಲ್ಲ ಗಂಡ ವೈಜನಾಥನದು. ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಮ್ಯಾನೇಜರ್ ಆಗಿ, ವಯಸ್ಸು ಅರವತ್ತು ದಾಟಿದರೂ ಮಾಲೀಕರು ಬಿಡದೆ ಇಟ್ಟುಕೊಂಡ ಆಳು. ಡ್ರೈವರುಗಳ ಜೊತೆ ಹಿಂದಿ, ಹಮಾಲರ ಜೊತೆ ತೆಲುಗು, ನಾಂದೇಡದ ವ್ಯಾಪಾರಿಗಳ ಜೊತೆ ಮರಾಠಿ, ವಿಮೆ ಕಂಪನಿಯವರ ಜೊತೆ ಇಂಗ್ಲಿಷು. ಎರಡು ಲಾರಿಯವರು ನಡುರಸ್ತೆಯಲ್ಲಿ ಕೊರಳಪಟ್ಟಿ ಹಿಡಿದು ನಿಂತರೆ, ಇವನು ಹೋಗಿ ನಾಲ್ಕು ಮಾತಾಡಿ ಇಬ್ಬರಿಗೂ ಒಂದೇ ಗ್ಲಾಸಿನ ಚಹಾ ಕುಡಿಸಿ ಬರುತ್ತಿದ್ದ. ಹೀಗೆ ಬೆಳಗಿನಿಂದ ಸಂಜೆತನಕ ಊರಿಗೆಲ್ಲ ಹಂಚಿ ಮನೆಗೆ ಬಂದರೆ ಬಾಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ‘ಹೂಂ’, ‘ಬಡಸು’, ‘ನಾಳಿ ನೋಡೂಣು’. ಸೂಗಮ್ಮನ ಪಾಲಿಗೆ ಬರುತ್ತಿದ್ದ ಕನ್ನಡ ಇಷ್ಟೇ. ಅವಳಿಗೆ ಸವತಿ ಇರಲಿಲ್ಲ. ಆದರೆ ಗಂಡ ಅಂಗಳದಲ್ಲಿ ನಿಂತು ಫೋನಿನಲ್ಲಿ ತೆಲುಗು ಮಾತಾಡುತ್ತ ನಗುವಾಗ, ಅವಳಿಗೆ ಆಗುತ್ತಿದ್ದ ಹೊಟ್ಟೆಕಿಚ್ಚು ಸವತಿಯ ಮೇಲಿನದಕ್ಕಿಂತ ಕಡಿಮೆಯದಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ತಾರ್ನಾಕದಲ್ಲಿ ಅವನು ಕೂತಿದ್ದ ಆಟೋಕ್ಕೆ ಕಾರೊಂದು ಗುದ್ದಿತು. ಯೂನಿವರ್ಸಿಟಿಯ ಗೋಡೆಯ ಪಕ್ಕ ಉಲ್ಟಾ ದಾರಿಯಲ್ಲಿ ಬಂದ ಕಾರು. ಆಟೋ ಡಿವೈಡರಿಗೆ ಒರಗಿತು, ವೈಜನಾಥನ ತಲೆಯ ಎಡಭಾಗ ಡ್ರೈವರ್ ಸೀಟಿನ ಹಿಂದಿನ ಕಬ್ಬಿಣದ ಸರಳಿಗೆ ಬಡಿಯಿತು. ಅವನು ತಾನೇ ಇಳಿದು ನಿಂತ. ನಿಂತವನು ಸುಮ್ಮನಿರಬೇಕಲ್ಲ! ಎಷ್ಟೋ ಲಾರಿಗಳ ಅಪಘಾತ ನೋಡಿಕೊಂಡು ಬಂದ ಮನುಷ್ಯ. ಏನು ಮಾಡಬೇಕು, ಯಾವುದಾದ ಮೇಲೆ ಯಾವುದು, ಎಲ್ಲ ಬಾಯಿಪಾಠ. ಫೋಟೋ ತೆಗೆಯುವ ತನಕ ಗಾಡಿ ಕದಲಿಸಬೇಡ ಎಂದು ಆಟೋದವನಿಗೆ ಹೇಳಿದ. ಕಾರಿನ ನಂಬರು, ಗುದ್ದಿದ ಜಾಗ, ಟೈರಿನ ಗುರುತು ಎಲ್ಲದರ ಫೋಟೋ ಹೊಡೆದ. ಕಂಡವರ ಪೈಕಿ ಚಹಾ ಅಂಗಡಿಯವನದು, ಒಬ್ಬ ವಿದ್ಯಾರ್ಥಿಯದು ಫೋನ್ ನಂಬರು ತೆಗೆದುಕೊಂಡ. ಪೊಲೀಸರಿಗೆ ಫೋನ್ ಮಾಡಿದ. ಆಟೋದವನ ಮೊಣಕಾಲು ಒಡೆದಿತ್ತು, ಅವನನ್ನು ಎತ್ತಿ ಕೂರಿಸಲು ಬಂದವರನ್ನು ತಡೆದು ಆಂಬುಲೆನ್ಸ್ ಕರೆಸಿದ, ತಾನೂ ಅದರಲ್ಲಿಯೇ ಹೋದ. ಅಲ್ಲೇ ರಾಜಿ ಮಾಡಿಕೊಳ್ಳೋಣ ಎಂದು ಹಲ್ಲು ಕಿರಿದ ಕಾರಿನವನಿಗೆ, ಅದೆಲ್ಲ ಸ್ಟೇಶನ್ನಿನಲ್ಲಿ ಎಂದ. ಆಸ್ಪತ್ರೆಯಲ್ಲಿ ಇದು ರಸ್ತೆ ಅಪಘಾತ ಎಂದು ಬರೆಸಿ, ಸಂಜೆಯೊಳಗೆ ಠಾಣೆಯಲ್ಲಿ ದೂರು ಕೊಟ್ಟು, ಅದರ ನಕಲು ಪಡೆದ.

ಆಸ್ಪತ್ರೆಯ ಡಾಕ್ಟರು ಹಣೆಗೆ ಪಟ್ಟಿ ಕಟ್ಟುತ್ತ, ಈ ವಯಸ್ಸಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿಯೇ ಹೋಗಬೇಕು, ಈಗ ಏನೂ ಅನ್ನಿಸದಿದ್ದರೂ ಒಳಗೆ ರಕ್ತ ನಿಧಾನಕ್ಕೆ ಕೂಡಿಕೊಳ್ಳಬಹುದು ಎಂದರು. ದಿನಾ ಯಾವುದಾದರೂ ಗುಳಿಗೆ ನುಂಗುತ್ತೀರಾ ಎಂದೂ ಕೇಳಿದರು. ಹೃದಯಕ್ಕೆಂದು ರಕ್ತ ತೆಳುವಾಗುವ ಗುಳಿಗೆ ವರ್ಷಗಟ್ಟಲೆಯಿಂದ ನುಂಗುತ್ತಿದ್ದ ವೈಜನಾಥ, ಠಾಣೆಗೆ ಹೊತ್ತಾಗುತ್ತದೆಂದು, ಏನೂ ಇಲ್ಲ ಸರ್ ಎಂದ. ತನ್ನದು ರಾಯಚೂರು ಜಿಲ್ಲೆಯ ಕಲ್ಲಿನ ತಲೆ ಎಂದು ಇಂಗ್ಲಿಷಿನಲ್ಲಿ ನಗಿಸಿ ಎದ್ದು ಬಂದ. ಕೇಸಿಗೆ ಬೇಕಾದದ್ದೆಲ್ಲ ಮಾಡಿದ್ದ ಮನುಷ್ಯ ತಲೆಗೆ ಬೇಕಾದ ಒಂದನ್ನು ಬಿಟ್ಟಿದ್ದ.

ಮಹಡಿಯ ಮೇಲಿನ ಖೋಲಿಯಲ್ಲಿ ಮಧುರಾ ಎಂಬ ಮೈಸೂರಿನ ಹುಡುಗಿ ಬಾಡಿಗೆಗಿದ್ದಳು, ಕಂಪ್ಯೂಟರ್ ಕಂಪನಿಯ ಕೆಲಸ. ಸುದ್ದಿ ಕೇಳಿ ಇಳಿದು ಬಂದವಳು ಸೂಗಮ್ಮನನ್ನು ಅಡುಗೆಮನೆಗೆ ಕರೆದು ಬಿಡಿಸಿ ಹೇಳಿದಳು. ವಾಂತಿ, ತಲೆನೋವು, ತೂಕಡಿಕೆ, ನಡಿಗೆಯಲ್ಲಿ ಓಲಾಟ, ಮುಖ್ಯವಾಗಿ ಮಾತಿನಲ್ಲಿ ವ್ಯತ್ಯಾಸ, ಇವುಗಳಲ್ಲಿ ಏನು ಕಂಡರೂ ತಡಮಾಡಬಾರದು. ಕೆಲವರಿಗೆ ವಾರಗಟ್ಟಲೆ ಆದಮೇಲೆ ಕಾಣಿಸಿಕೊಳ್ಳುತ್ತದಂತೆ. ಸೂಗಮ್ಮ ಅಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಅವನು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಕಿವಿಗೊಡುತ್ತಿದ್ದಳು, ಉಂಡ ಮೇಲೆ ಮುಖ ನೋಡುತ್ತಿದ್ದಳು. ಎರಡು ವಾರ ಕಳೆದರೂ ಅವಳು ಅಂಜಿದ ಯಾವುದೂ ಆಗಲಿಲ್ಲ. ಆಗಿದ್ದು ಬೇರೆಯೇ.

ವೈಜನಾಥ ಅವಳ ಜೊತೆ ಮಾತಾಡತೊಡಗಿದ.

ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದವನು ಮೊದಮೊದಲು ಪೇಪರು, ಟಿವಿ ಎಂದು ಕೂರುತ್ತಿದ್ದ. ಬರಬರುತ್ತ ಟಿವಿ ಸದ್ದು ತಲೆಗೆ ಬಡಿಯುತ್ತದೆ ಎಂದು ಬಂದ್ ಮಾಡಿಸಿದ. ಅಡುಗೆಮನೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತು, ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತ ಊರ ಕಡೆಯ ಸುದ್ದಿ ತೆಗೆಯುತ್ತಿದ್ದ. ಅವನ ತಾಯಿ ಎಮ್ಮೆಗೆ ಬೈಯುತ್ತಿದ್ದ ಬೈಗುಳ, ಬಾವಿಯಲ್ಲಿ ಈಜು ಕಲಿತದ್ದು, ಮದುವೆಯ ದಿನ ಸೂಗಮ್ಮನ ತಮ್ಮ ಸಾಬಣ್ಣ ಬೀಗರ ಚಪ್ಪಲಿ ಅಡಗಿಸಿಟ್ಟದ್ದು. ಅವಳು ಎಂದೋ ಮರೆತ ಶಬ್ದಗಳೆಲ್ಲ ಅವನ ಬಾಯಿಂದ ಬರುತ್ತಿದ್ದವು. ಸ್ಟೇಶನ್ನಿನಲ್ಲಿ ಇಳಿದ ಮೊದಲ ದಿನ ಅವಳು ಅವನ ಅಂಗಿಯ ತುದಿ ಹಿಡಿದುಕೊಂಡೇ ಮನೆತನಕ ನಡೆದದ್ದನ್ನು ಹೇಳಿ, ‘ಆ ಅಂಗಿ ನಾ ಭಾಳ ದಿನ ತೊಳಿಯಾಕ ಕೊಡಲಿಲ್ಲ, ಸೂಗಿ’ ಎಂದಾಗ ಅವಳು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಸೂಗಿ ಎಂದು ಕರೆದು ಎಷ್ಟು ಕಾಲವಾಗಿತ್ತೋ!

ಬೆಳಗ್ಗೆ ಇನ್ನೊಂದು ಹೊಸ ರೂಢಿ ಶುರುವಾಗಿತ್ತು. ಚಹಾ ಒಯ್ದರೆ ಕಪ್ಪು ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ‘ಮೊದಲ ಏನರ ಮಾತಾಡು’ ಎನ್ನುತ್ತಿದ್ದ. ಅವಳು ಏನೋ ಒಂದು, ಹಾಲು ಉಕ್ಕಿದ್ದೋ ನಲ್ಲಿ ಬಾರದ್ದೋ ಹೇಳಬೇಕು. ಆಮೇಲೆ ಕಣ್ಣು ತೆರೆದು, ಸಮಾಧಾನದಿಂದ ಕಪ್ಪು ಇಸಿದುಕೊಳ್ಳುವನು. ಈ ವಯಸ್ಸಿನಲ್ಲಿ ಇದೆಂಥ ಪ್ರೀತಿ ಎಂದು ಸೂಗಮ್ಮ ಒಳಗೊಳಗೇ ಉಬ್ಬಿದಳು. ಮಾತು ಹೇಗಿದೆ ಎಂದು ಮಧುರಾ ಕೇಳಿದರೆ, ಮದುವೆಯಾದಾಗಿನಿಂದ ಇಷ್ಟು ಚಲೋ ಮಾತಾಡಿರಲಿಲ್ಲ ಎಂದು ನಕ್ಕಳು. ಮಧುರಾ ತಾನೂ ಒಳಗೆ ಹೋಗಿ ಮಾತಾಡಿಸಿದಳು. ಅವನು ಚೆನ್ನಾಗಿಯೇ ಉತ್ತರ ಕೊಟ್ಟ. ಕಲಬುರಗಿಗೆ ಕೊಟ್ಟ ಮಗಳು ಸೌಂದರ್ಯಾ ಫೋನಿನಲ್ಲಿ ಮಾತಾಡಿಸಿದಳು. ಅಪ್ಪ ಎಷ್ಟು ಆರಾಮಾಗಿದ್ದಾರೆ ಎಂದು ಅವಳಿಗೂ ಖುಷಿ. ಎಲ್ಲರೂ ಕನ್ನಡದಲ್ಲಿ ಕೇಳಿದರು, ಅವನು ಕನ್ನಡದಲ್ಲಿ ಹೇಳಿದ.

ಒಂದು ಭಾನುವಾರ ರಾಮಕೃಷ್ಣ ಬಂದ. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಆಂಧ್ರದ ಮನುಷ್ಯ, ವೈಜನಾಥನ ಜೀವದ ಗೆಳೆಯ. ಮೂರು ಹೊತ್ತೂ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದ ಜೋಡಿ. ಅವತ್ತು ರಾಮಕೃಷ್ಣ ತೆಲುಗಿನಲ್ಲಿ ಗಂಟೆಗಟ್ಟಲೆ ಮಾತಾಡಿದರೂ ವೈಜನಾಥ ಕೈಕಟ್ಟಿ ಕೂತು ನಗುತ್ತಲೇ ಇದ್ದ, ಹೊಸ ಬೀಗರ ಮುಂದೆ ಕೂತವನ ಹಾಗೆ. ರಾಮಕೃಷ್ಣನ ದನಿ ಸಣ್ಣದಾಯಿತು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಸೂಗಮ್ಮನ ಮುಖ ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಹೋದ. ಅವನು ಗಲ್ಲಿ ತಿರುಗಿದ್ದೇ ತಡ ವೈಜನಾಥ ಎದ್ದು ಬಾಗಿಲ ಚಿಲಕ ಹಾಕಿದ. ತಿರುಗಿದಾಗ ಅವನ ಕಣ್ಣಲ್ಲಿ ನೀರು.

‘ರಾಮಕೃಷ್ಣಗೂ ಆತಲ್ಲ, ಸೂಗಿ.’

ಏನಾಯಿತೆಂದು ಅವಳು ಕೇಳಿದಳು. ಅವನು ಕಿಟಕಿಯ ಕಡೆ ನೋಡಿ, ಯಾರೋ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿದ.

‘ಈ ಊರ ಮಂದಿಗೆ ಏನೋ ಆಗೈತಿ. ಬಾಯಿ ಆಡಸ್ತಾರ, ಮಾತು ಬರಂಗಿಲ್ಲ. ಬರೀ ಸಪ್ಪಳ. ಮೊದಲ ಹಾಲಿನವಂಗ ಆತು, ಆಮ್ಯಾಲ ಟಿವಿಯಾಗಿನವ್ರಿಗೆ, ಆಮ್ಯಾಲ ಗಲ್ಲಿಗೆಲ್ಲ. ನೀ, ಮ್ಯಾಲಿನ ಹುಡುಗಿ, ಇಬ್ಬರ ಉಳದೀರಿ. ಬಾಗಲ ತೆಗಿಬ್ಯಾಡ.’

ಅಪಘಾತದ ಅಂಜಿಕೆ ಇನ್ನೂ ಇಳಿದಿಲ್ಲ ಎಂದುಕೊಂಡಳು ಸೂಗಮ್ಮ. ತವರಿನಲ್ಲಿ ಅಂಜಿಕೊಂಡವರಿಗೆ ಮಾಡುತ್ತಿದ್ದಂತೆ ಕಬ್ಬಿಣ ಕಾಯಿಸಿ ನೀರಿಗೆ ಅದ್ದಿ, ಚುರ್ ಎಂದ ಆ ನೀರನ್ನು ಆರಿಸಿ ಕುಡಿಸಿದಳು. ನಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು. ಅವನು ಎಲ್ಲಕ್ಕೂ ವಿಧೇಯನಾಗಿ ತಲೆ ಕೊಟ್ಟ. ಅಂದಿನಿಂದ ಹಗಲೆಲ್ಲ ಕಿಟಕಿಯ ಪರದೆ ಸಂದಿಯಲ್ಲಿ ನಿಂತು ಗಲ್ಲಿಯಲ್ಲಿ ಹೋಗಿಬರುವವರ ಬಾಯಿಗಳನ್ನೇ ನೋಡುತ್ತಿದ್ದ. ಫೋನು ಬಂದರೆ ಕಿವಿಗೆ ಹಿಡಿದು, ಮುಖ ಸಿಂಡರಿಸಿ, ಹಾಸಿಗೆಯ ಮೇಲೆ ಬೋರಲು ಇಡುತ್ತಿದ್ದ. ಯಾರಾದರೂ ಬಾಗಿಲು ಬಡಿದರೆ ಅವಳೇ ಹೋಗಿ, ಮಲಗಿದ್ದಾರೆಂದು ಕೈಸನ್ನೆ ಮಾಡಿ ಕಳಿಸುತ್ತಿದ್ದಳು. ತಲೆನೋವು ಎಂದಾಗ ಮುಲಾಮು ತಿಕ್ಕುತ್ತಿದ್ದಳು.

ಅವಳಿಗೆ ಗೊತ್ತಾಗಲಿಲ್ಲ ಅಂದರೆ ಅರ್ಧ ಸುಳ್ಳು. ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು. ಇಷ್ಟು ವರ್ಷ ಊರಿನ ಪಾಲಾಗಿದ್ದ ಗಂಡ ಈಗ ಚಿಲಕ ಹಾಕಿದ ಮನೆಯೊಳಗೆ ಪೂರ್ತಿ ಅವಳವನಾಗಿದ್ದ. ಅದನ್ನು ಯಾರ ಮುಂದಾದರೂ ಇಟ್ಟು, ಇದು ರೋಗವೋ ಏನೋ ನೋಡಿ ಎಂದು ಹೇಳಲು ಯಾವ ಹೆಂಗಸಿಗೆ ಮನಸ್ಸು ಬಂದೀತು! ಅದರಲ್ಲೂ ಅವನು ಇನ್ನೊಂದು ಮಾತು ಹೇಳಿದ ಮೇಲೆ.

ಅವತ್ತು ಅವಳು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದಳು, ಅವನು ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ. ಸೌಂದರ್ಯಾ ಹುಟ್ಟುವ ಮೊದಲು ಅವರಿಗೆ ಒಂದು ಗಂಡು ಕೂಸು ಆಗಿತ್ತು, ಇದೇ ಊರಿನ ಹೆರಿಗೆ ಆಸ್ಪತ್ರೆಯಲ್ಲಿ. ಆಗ ನರ್ಸ್ ಬಾಗಿಲ ಹೊರಗೆ ವೈಜನಾಥನಿಗೆ ತೆಲುಗಿನಲ್ಲಿ ಏನೋ ಬಹಳ ಹೊತ್ತು ಹೇಳಿದ್ದಳು. ಅವನು ಒಳಗೆ ಬಂದು ಸೂಗಮ್ಮನಿಗೆ ಹೇಳಿದ್ದು ಒಂದೇ ಮಾತು: ಕೂಸು ಹುಟ್ಟುವಾಗಲೇ ಹೋಗಿತ್ತು. ಅವಳಿಗೆ ಮುಖ ತೋರಿಸಲಿಲ್ಲ. ಮಂಪರಿನಲ್ಲಿ ಒಂದು ಅಳು ಕೇಳಿದಂತಿತ್ತು, ಅದು ಪಕ್ಕದ ಮಂಚದ ಕೂಸಿನದು ಎಂದು ಎಲ್ಲರೂ ಅಂದರು. ಅವಳೂ ಹಾಗೇ ನಂಬಿ ಬದುಕಿದ್ದಳು. ಇಷ್ಟು ವರ್ಷ ಆ ಸುದ್ದಿ ಇಬ್ಬರ ನಡುವೆ ಬಂದಿರಲಿಲ್ಲ. ಈಗ ಬಾಗಿಲಲ್ಲಿ ಕೂತವನು, ಮಳೆ ಬಂತು ಅನ್ನುವಷ್ಟೇ ಸಲೀಸಾಗಿ ಹೇಳಿದ:

‘ನಮ್ಮ ಕೂಸು ಅತ್ತಿತ್ತು, ಸೂಗಿ. ನರ್ಸ್ ನನ್ನ ಕೈಯಾಗ ಕೊಟ್ಟಿದ್ಲು. ನಾ ನಿನಗ ಬ್ಯಾರೆ ಹೇಳಿದೆ.’

ಅವಳ ಕೈಯಲ್ಲಿನ ಮೊರ ಓರೆಯಾಗಿ ಅಕ್ಕಿ ನೆಲಕ್ಕೆ ಸುರಿಯಿತು. ಎಷ್ಟು ಹೊತ್ತು ಬದುಕಿತ್ತು, ಮುಖ ಹೇಗಿತ್ತು, ನನಗೆ ಯಾಕೆ ತರಲಿಲ್ಲ ಎಂದು ಕೇಳಲು ಅವಳು ಮೊರ ಬದಿಗಿಟ್ಟು ಅವನ ಹತ್ತಿರ ಸರಿದಳು. ಅಷ್ಟರಲ್ಲಿ ಅವನು ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದ. ಎದ್ದ ಮೇಲೆ ಮಾತು ಎಮ್ಮೆಯ ಕಡೆಗೆ ಹೋಯಿತು. ಅವನು ದಿನದಿನವೂ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಾನೆ, ತಿರುಗಿ ಆ ಆಸ್ಪತ್ರೆಯ ಬಾಗಿಲಿಗೂ ಬಂದೇ ಬರುತ್ತಾನೆ, ಆಗ ಉಳಿದದ್ದನ್ನು ಕೇಳಿಕೊಳ್ಳುತ್ತೇನೆ ಎಂದು ಸೂಗಮ್ಮ ಕಾದಳು. ಅವನ ಬಲಗೈಯಿಂದ ತುತ್ತು ಜಾರುತ್ತಿದ್ದದ್ದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ದಿನ, ಇನ್ನೊಂದು ದಿನ ಎಂದು ಅವಳು ಕಾದಳು. ಆ ಆಸೆಗೆ ಅವಳನ್ನು ಬೈಯುವ ಬಾಯಿ ನನಗಿಲ್ಲ.

ಠಾಣೆಯವರು ಕಾಯಲಿಲ್ಲ. ಗಾಯಗೊಂಡವನ ಹೇಳಿಕೆ ಬಾಕಿ ಇತ್ತು, ಎಷ್ಟು ಸಲ ಫೋನ್ ಮಾಡಿದರೂ ಉತ್ತರವಿಲ್ಲವೆಂದು ಒಬ್ಬ ಪೊಲೀಸಿನವನು ಮನೆಗೇ ಬಂದು ಹೇಳಿ ಹೋದ. ಮರುದಿನ ಮಧ್ಯಾಹ್ನ ಸೂಗಮ್ಮ ಗಂಡನಿಗೆ ಇಸ್ತ್ರಿಯ ಅಂಗಿ ತೊಡಿಸಿ, ಗುಂಡಿ ತಾನೇ ಹಾಕಿ, ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಅವನು ತಲೆ ತಗ್ಗಿಸಿ ಕೂತಿದ್ದ. ಸಿಗ್ನಲ್ಲಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಆಟೋದೊಳಗೆ ಬಾಗಿ ಏನೋ ಕೇಳಿದಾಗ ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಠಾಣೆಯಲ್ಲಿ ಮಲ್ಲಣ್ಣ ಎಂಬ ಹೆಡ್ ಕಾನ್‌ಸ್ಟೇಬಲ್ ಮರ್ಯಾದೆಯಿಂದ ಕುರ್ಚಿ ತೋರಿಸಿ, ‘ಮೀ ಪೇರು ಚೆಪ್ಪಂಡಿ’ ಎಂದು ಹೆಸರು ಕೇಳಿದ. ವೈಜನಾಥ ಕೈಮುಗಿದು ನಕ್ಕ. ಮಲ್ಲಣ್ಣ ಹಿಂದಿಯಲ್ಲಿ ಕೇಳಿದ. ಮತ್ತೆ ಅದೇ ನಗು. ಈ ಠಾಣೆಯಲ್ಲೇ ಕೆಲವು ವಾರಗಳ ಹಿಂದೆ ಇದೇ ಮಲ್ಲಣ್ಣನ ಜೊತೆ ತೆಲುಗಿನಲ್ಲಿ ವಾದ ಹೂಡಿ ದೂರು ಬರೆಸಿದ್ದ ಮನುಷ್ಯ! ಮಲ್ಲಣ್ಣ ಪೆನ್ನು ಕೆಳಗಿಟ್ಟು, ಕುಡಿದಿದ್ದಾನೆಯೇ ಎಂಬಂತೆ ಸೂಗಮ್ಮನ ಕಡೆ ನೋಡಿದ. ವೈಜನಾಥ ಅವಳ ಸೆರಗಿನ ತುದಿ ಹಿಡಿದೆಳೆದು ಕಿವಿಯಲ್ಲಿ ಹೇಳಿದ: ‘ನೋಡು, ಇವಂಗೂ ಆಗೈತಿ. ಇಲ್ಲೆ ಯಾರೂ ಉಳದಿಲ್ಲ. ನಡಿ, ಮನಿಗೆ ಹೋಗೂಣು.’

ಸೂಗಮ್ಮ ಅವನ ಮುಖ ನೋಡಿದಳು. ಮನೆಯ ಬೆಳಕಿನಲ್ಲಿ ಕಾಣದ್ದು ಇಲ್ಲಿ ಕಂಡಿತು. ಬಲಗಡೆಯ ತುಟಿ ಒಂದಿಷ್ಟು ಜೋತುಬಿದ್ದಿತ್ತು. ಊರಿಗಲ್ಲ, ಆದದ್ದು ಇವನಿಗೆ. ಆದರೂ ಪೂರ್ತಿ ತಿಳಿದುಕೊಳ್ಳಬೇಕಿತ್ತು. ಅದಕ್ಕೆ ದಾರಿ ಒಂದೇ. ಜೀವಮಾನದಲ್ಲಿ ಯಾರ ಮುಂದೆಯೂ ಆಡದ ಭಾಷೆಯನ್ನು ಅವಳು ಗಂಡನ ಮುಂದೆ ಆಡಿದಳು. ಮೆಲ್ಲಗೆ, ಅವನ ಕೈ ಹಿಡಿದುಕೊಂಡೇ, ‘ಏಮಯ್ಯಿಂದಂಡಿ ಮೀಕು?’ ಎಂದು ಕೇಳಿದಳು. ಏನಾಯಿತು ನಿಮಗೆ?

ವೈಜನಾಥ ಕೈ ಕಿತ್ತುಕೊಂಡ. ಕುರ್ಚಿ ಹಿಂದಕ್ಕೆ ಸರಿಯಿತು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ, ಪರದೆ ಸಂದಿಯಿಂದ ಗಲ್ಲಿಯ ಮಂದಿಯನ್ನು ನೋಡುತ್ತಿದ್ದಂತೆ.

‘ನಿನಗೂ ಆತೇನು?’

ದಿನಾ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಏನಾದರೂ ಮಾತಾಡು ಅನ್ನುತ್ತಿದ್ದದ್ದು ಯಾಕೆಂದು ಅವಳಿಗೆ ಈಗ ಅರ್ಥವಾಯಿತು. ಅದು ಪ್ರೀತಿಯಲ್ಲ, ಪರೀಕ್ಷೆ. ಹೆಂಡತಿ ಇನ್ನೂ ಹೆಂಡತಿಯೇ, ಅಥವಾ ರಾತ್ರಿ ಕಳೆದು ಬೆಳಗಾಗುವುದರೊಳಗೆ ಅವಳೂ ಅವರಂತಾದಳೇ ಎಂದು ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅಷ್ಟು ದಿನ ಅವನು ಆ ಮನೆಯಲ್ಲಿ ಎಂಥ ಭಯದಲ್ಲಿ ಬದುಕಿದ್ದ, ಅವಳು ಅದರಲ್ಲಿ ಎಂಥ ಸುಖಪಟ್ಟಿದ್ದಳು! ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹೇಳಿಕೆ ಆಮೇಲೆ ಎಂದು ಮಲ್ಲಣ್ಣನಿಗೆ ತೆಲುಗಿನಲ್ಲೇ ಹೇಳಿದಳು, ಮತ್ತು ಆಟೋ ಕರೆಯಿರಿ ಎಂದಳು. ನಾಚಿಕೆ ಎಲ್ಲಿ ಹೋಗಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಾಲು ಇತ್ತು. ಏನು ತೊಂದರೆ ಎಂದು ಕೇಳಿದ ನರ್ಸಿಗೆ ಸೂಗಮ್ಮ ತನಗೆ ತಿಳಿದಂತೆ ಹೇಳಿದಳು: ‘ಮಾ ಆಯನಕಿ ತೆಲುಗು ಪೋಯಿಂದಿ.’ ನಮ್ಮವರಿಗೆ ತೆಲುಗು ಹೋಗಿದೆ. ನರ್ಸಿಗೆ ನಗು ಬಂತು. ಆದರೆ ಪಕ್ಕದಲ್ಲಿ ಬರೆಯುತ್ತಿದ್ದ ಎಳೆಯ ಡಾಕ್ಟರು ತಲೆಯೆತ್ತಿದರು. ಯಾವಾಗಿನಿಂದ, ತಲೆಗೆ ಪೆಟ್ಟು ಬಿದ್ದಿತ್ತೇ, ಯಾವ ಗುಳಿಗೆ ನುಂಗುತ್ತಾರೆ ಎಂದು ಒಂದರ ಮೇಲೊಂದು ಕೇಳಿದರು. ಸೂಗಮ್ಮ ಬಾಯಿಗೆ ಬಂದ ಶಬ್ದ ಜೋಡಿಸಿ ಎಲ್ಲ ಹೇಳಿದಳು: ಕಾರು, ಸರಳು, ರಕ್ತ ತೆಳುವಾಗುವ ಗುಳಿಗೆ, ಜಾರುವ ತುತ್ತು. ಕ್ರಿಯಾಪದ ಸಿಗದಲ್ಲಿ ಕೈ ತೋರಿಸಿದಳು. ಸ್ಕ್ಯಾನಿನ ಚಿತ್ರ ಬಂದಾಗ ಡಾಕ್ಟರು ಅವಳನ್ನು ಕರೆದು ತೋರಿಸಿದರು. ಎಡಗಡೆ, ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ಕೂಡಿಕೊಂಡಿತ್ತು. ಪೆಟ್ಟು ಬಿದ್ದ ದಿನದಿಂದ ಹನಿಹನಿಯಾಗಿ ಇಳಿದು, ಮಾತಿನ ಜಾಗವನ್ನು ಒತ್ತುತ್ತ ಬಂದಿತ್ತು. ಆಮೇಲೆ ಕಲಿತ ಭಾಷೆಗಳು ಮೊದಲು ಹೋಗಿವೆ. ತಡಮಾಡಿದರೆ ಇರುವ ಒಂದೂ ಹೋಗುತ್ತದೆ, ಆಮೇಲೆ ಜೀವವೂ ಎಂದರು. ಬುರುಡೆಗೆ ರಂಧ್ರ ಕೊರೆದು ರಕ್ತ ಹೊರಗೆ ತೆಗೆಯಬೇಕು. ಗುಳಿಗೆಯ ಪರಿಣಾಮ ಇಳಿಸಲು ಇಂಜೆಕ್ಷನ್ ಕೊಡುತ್ತಾರೆ, ಸಂಜೆಗೇ ಆಪರೇಶನ್.

ಮಧುರಾ ಆಫೀಸಿನಿಂದ ಓಡಿ ಬಂದಳು. ವಿಷಯ ತಿಳಿದು, ತಾನು ಮಾತಾಡಿಸಿ ನೋಡಿಯೂ ಗೊತ್ತಾಗಲಿಲ್ಲವಲ್ಲ ಎಂದು ಅತ್ತಳು. ಸೂಗಮ್ಮನಿಗೆ ಅವಳನ್ನು ಸಮಾಧಾನ ಮಾಡುವ ಚೈತನ್ಯ ಇರಲಿಲ್ಲ.

ಹಸಿರು ಬಟ್ಟೆಯ ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಬಂದರು, ತೆಲುಗಿನಲ್ಲಿ ಮೆತ್ತಗೆ ಮಾತಾಡಿಸುತ್ತ ಅವನ ತೋಳು ಹಿಡಿದರು. ವೈಜನಾಥನ ಕಣ್ಣು ಅಗಲವಾದವು. ಅವನ ತಲೆ ಬೋಳಿಸಿದ್ದರು. ಅವನು ಸೂಗಮ್ಮನ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡಿದ್ದ. ಅವಳು ಬಾಗಿ ಕನ್ನಡದಲ್ಲಿ, ಏನೂ ಆಗುವುದಿಲ್ಲ, ನಾನು ಇಲ್ಲೇ ಇರುತ್ತೇನೆ ಎಂದಳು. ಆ ಮಾತು ಕೇಳಿ ಅವನಿಗೆ ಒಂದು ಗಳಿಗೆ ಅವಳು ಅವಳೇ ಎಂದು ಗುರುತು ಸಿಕ್ಕಿತು.

‘ಸೂಗಿ, ನನ್ನ ಇವ್ರ ಕೈಯಾಗ ಕೊಡಬ್ಯಾಡ’ ಎಂದು ಕೂಗತೊಡಗಿದ.

ಅವಳಿಗೆ ಆಗ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೂಸಿನ ಮುಖ ಹೇಗಿತ್ತು? ಅವನಿಗೆ ಈಗ ಗೊತ್ತಿದೆ, ಆ ಬಾಗಿಲ ಆಚೆ ಹೋಗಿ ಬಂದ ಮೇಲೆ ಗೊತ್ತಿರುತ್ತದೋ ಇಲ್ಲವೋ. ಕೇಳಿದ್ದರೆ ಅವನು ಹೇಳಿಯೂ ಬಿಡುತ್ತಿದ್ದ. ಅವಳು ಕೇಳಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಸೆರಗು ಬಿಡಿಸಿಕೊಂಡಳು, ಹಸಿರು ಬಟ್ಟೆಯವರಿಗೆ ತೆಲುಗಿನಲ್ಲಿ ಒಯ್ಯಿರಿ ಎಂದಳು. ಅವಳ ಬಾಯಿಂದ ಆ ಸಪ್ಪಳ ಕೇಳಿದಾಗ ಅವನು ಕೂಗುವುದನ್ನು ನಿಲ್ಲಿಸಿಬಿಟ್ಟ. ಕೊನೆಯವಳೂ ಹೋದಳು ಎಂಬ ಮುಖದಲ್ಲಿ ಚಾವಣಿ ನೋಡುತ್ತ ಒಳಗೆ ಹೋದ. ಆ ಮುಖ ಅವಳಿಗೆ ಈಗಲೂ ಒಮ್ಮೊಮ್ಮೆ ರೊಟ್ಟಿಯ ಹಂಚಿನ ಮುಂದೆ ಕಾಣುತ್ತದೆ.

ಮರುದಿನ ಬೆಳಗ್ಗೆ ಅವಳನ್ನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಒಳಗಿನಿಂದ ದನಿ ಕೇಳಿಸಿತು. ಚಹಾದಲ್ಲಿ ಸಕ್ಕರೆಯೇ ಇಲ್ಲವಲ್ಲಮ್ಮಾ ಎಂದು ಯಾರೋ ನರ್ಸಿನ ಜೊತೆ ತೆಲುಗಿನಲ್ಲಿ ತಕರಾರು ಮಾಡುತ್ತಿದ್ದರು. ಸೂಗಮ್ಮ ಗೋಡೆ ಹಿಡಿದು ಎದ್ದಳು. ಹೊಟ್ಟೆಕಿಚ್ಚಿನಿಂದ ಇಷ್ಟು ವರ್ಷ ಕೇಳಿದ ಆ ದನಿ ಕೇಳಿ ಅವಳು ಬಿಕ್ಕಿಬಿಕ್ಕಿ ಅತ್ತಳು. ಸಂತೋಷಕ್ಕೇ ಅತ್ತಳು, ಅದರಲ್ಲಿ ಸುಳ್ಳಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂರುತ್ತಿದ್ದವನು ಇನ್ನು ಬರುವುದಿಲ್ಲ ಎಂದೂ ಅವಳಿಗೆ ಅನ್ನಿಸಿತು. ಒಳಗೆ ಹೋದಾಗ ವೈಜನಾಥ ಅವಳನ್ನು ನೋಡಿ, ಪೊಲೀಸ್ ಸ್ಟೇಶನ್ನಿಗೆ ಹೇಳಿಕೆ ಕೊಡುವುದಿತ್ತಲ್ಲ ಎಂದ. ಆ ದಿನಗಳದ್ದು ಅವನಿಗೆ ಏನೂ ನೆನಪಿರಲಿಲ್ಲ.

ಮನೆಗೆ ಬಂದ ಮೇಲೆ ಮಂದಿ ಬಂದು ಹೋಗುವುದು ಶುರುವಾಯಿತು. ರಾಮಕೃಷ್ಣ ಬಂದ, ಗೆಳೆಯನ ಬೋಳುತಲೆ ಸವರಿ ಗೇಲಿ ಮಾಡಿದ, ಇಬ್ಬರೂ ನಕ್ಕರು. ನಿನಗೆ ನಾನು ದೆವ್ವದಂತೆ ಕಂಡಿದ್ದೆನಂತಲ್ಲ ಎಂದು ಅವನು ಹೇಳಿದಾಗ ವೈಜನಾಥ ನಗು ನಿಲ್ಲಿಸಿ ಯೋಚನೆಗೆ ಬಿದ್ದ. ರಾಮಕೃಷ್ಣ ಹೋದ ಮೇಲೆ ಅವನು ಸೂಗಮ್ಮನನ್ನು ಮಂಚದ ಹತ್ತಿರ ಕರೆದ.

‘ಆ ದಿನದಾಗ ನಾ ಏನೇನು ಮಾತಾಡಿದ್ನಿ?’

‘ಊರ ಕಡೇದು. ನಿಮ್ಮವ್ವಂದು, ಎಮ್ಮಿದು, ಮದಿವೀದು.’

‘ಬ್ಯಾರೆ?’

ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. ಅಷ್ಟು ದಿನ ಅವಳ ತಲೆಯಲ್ಲಿ ಒಂದೇ ತರ್ಕ ನಡೆದಿತ್ತು. ಆ ಮಾತು ಅವನು ಆಡಿದ್ದೋ, ತಲೆಯೊಳಗಿನ ಆ ಕೆಟ್ಟ ರಕ್ತ ಆಡಿಸಿದ್ದೋ? ಊರಿಗೆಲ್ಲ ಮಾತು ಹೋಗಿದೆ ಎಂದ ಬಾಯೇ ಕೂಸು ಅತ್ತಿತ್ತು ಎಂದೂ ಹೇಳಿತ್ತು. ಒಂದು ಸುಳ್ಳಾದರೆ ಇನ್ನೊಂದೂ ಸುಳ್ಳಿರಬಹುದು. ಕೇಳಿಬಿಡಲು ಇದೇ ಹೊತ್ತು. ಅವನ ತಲೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಮುಖ ಸೊರಗಿತ್ತು.

‘ಬ್ಯಾರೆ ಏನಿಲ್ರಿ’ ಎಂದಳು ಸೂಗಮ್ಮ.

ವೈಜನಾಥ ಉಸಿರು ಬಿಟ್ಟ. ಎಂದೋ ಹೊತ್ತ ಮೂಟೆ ಹೆಗಲ ಮೇಲೆ ಸರಿಯಾಗಿಯೇ ಇದೆ, ಬಿದ್ದಿಲ್ಲ ಎಂದು ತಿಳಿದವನ ಹಾಗೆ, ಉದ್ದಕ್ಕೆ. ಆಮೇಲೆ ದಿಂಬಿಗೆ ಒರಗಿ ಫೋನು ತೆಗೆದುಕೊಂಡ. ಯಾವನೋ ಡ್ರೈವರಿಗೆ ಹಿಂದಿಯಲ್ಲಿ ಬೈಯತೊಡಗಿದ.

ಹೇಳಬಾರದ್ದು ಏನೂ ಇಲ್ಲದ ಮನುಷ್ಯ ಹಾಗೆ ಉಸಿರು ಬಿಡುವುದಿಲ್ಲ. ಸೂಗಮ್ಮ ಅಡುಗೆಮನೆಗೆ ಹೋಗಿ, ಒಲೆ ಹಚ್ಚದೆ, ನೆಲಕ್ಕೆ ಕೂತಳು. ಪಕ್ಕದ ಮಂಚದ್ದಲ್ಲ, ಅಂದು ಮಂಪರಿನಲ್ಲಿ ಅವಳು ಕೇಳಿದ್ದು ಅವಳ ಕೂಸಿನದೇ ಅಳು.